ಮುಖಕ್ಕೆ ನಗು, ಬೆನ್ನ ಹಿಂದೆ ಮಾತು: ಹೆಂಗಸರ ನಡುವಿನ ಪೈಪೋಟಿ ಕುರಿತು ಓದುಗರ ಪ್ರಶ್ನೆಗಳು

ಹೆಂಗಸರ ನಡುವಿನ ಪೈಪೋಟಿ, ಅಸೂಯೆ, ಮನಸ್ತಾಪದ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬರೆದವರ ಗುರುತು ಹತ್ತುವ ವಿವರಗಳನ್ನು ತೆಗೆದು, ಪ್ರಶ್ನೆಯ ತಿರುಳನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: 'ಹೆಣ್ಣಿಗೆ ಹೆಣ್ಣೇ ಶತ್ರು' ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಮನಃಶಾಸ್ತ್ರ ಇದನ್ನು ಒಪ್ಪುತ್ತದೆಯೇ? ಗಂಡಸರು ಜಗಳವಾಡಿ ಮರೆಯುತ್ತಾರೆ, ಹೆಂಗಸರು ಒಳಗೇ ಇಟ್ಟುಕೊಳ್ಳುತ್ತಾರೆ ಎನ್ನುವುದು ನಿಜವೇ?

ಉತ್ತರ: ಆ ಮಾತಿಗೆ ಆಧಾರವಿಲ್ಲ. ನಿಮ್ಮ ಎರಡನೇ ಪ್ರಶ್ನೆಯಲ್ಲಿ ಮಾತ್ರ ಒಂದಷ್ಟು ಹುರುಳಿದೆ.

ಕೋಪ ಬರುವುದರಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸವಿಲ್ಲ. ಹಲವು ಅಧ್ಯಯನಗಳ ಅಂಕಿಗಳನ್ನು 2004ರಲ್ಲಿ ಒಟ್ಟುಗೂಡಿಸಿದ ಮನಃಶಾಸ್ತ್ರಜ್ಞ ಜಾನ್ ಆರ್ಚರ್ ಅವರಿಗೆ ಕಂಡದ್ದು ಇದು. ಬೇರೆಯಾಗುವುದು ಆ ಕೋಪ ಹರಿಯುವ ದಾರಿ. ಹೊಡೆದಾಟದಲ್ಲಿ ಗಂಡಸರು ಬಹಳ ಮುಂದಿದ್ದಾರೆ. ಚಾಡಿ ಹೇಳುವುದು, ಮಾತು ಬಿಡುವುದು, ಗುಟ್ಟು ಬಯಲು ಮಾಡುವುದು, ಗುಂಪಿನಿಂದ ಹೊರಗಿಡುವುದು ಇವನ್ನೆಲ್ಲ ಸೇರಿಸಿ ಪರೋಕ್ಷ ಆಕ್ರಮಣ ಎನ್ನುತ್ತಾರೆ. ಫಿನ್ಲೆಂಡಿನ ಕಿರ್ಸ್ಟಿ ಲಾಗರ್‌ಸ್ಪೆಟ್ಸ್, ಕಾಯ್ ಬ್ಯೋರ್ಕ್‌ಕ್ವಿಸ್ಟ್ ಮತ್ತು ಜೊತೆಯವರು 1988ರಲ್ಲಿ 11–12 ವರ್ಷದ ಮಕ್ಕಳನ್ನು ಗಮನಿಸಿ, ಇದು ಹುಡುಗಿಯರಲ್ಲಿ ಹೆಚ್ಚು ಎಂದರು. ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು. ಆದರೆ 2008ರಲ್ಲಿ ನೋಯೆಲ್ ಕಾರ್ಡ್ ತಂಡ 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹುಡುಗ ಹುಡುಗಿಯರ ನಡುವಿನ ಅಂತರ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾಗಿತ್ತು. ಅಂದರೆ ಗಂಡಸರೂ ಧಾರಾಳವಾಗಿ ಚಾಡಿ ಹೇಳುತ್ತಾರೆ. ಅವರ ಕೈಯಲ್ಲಿ ಬೇರೆ ಆಯುಧಗಳೂ ಇರುವುದರಿಂದ ಇದು ಎದ್ದು ಕಾಣುವುದಿಲ್ಲ, ಅಷ್ಟೇ.

ಹೆಂಗಸರು ಈ ದಾರಿಯನ್ನೇ ಹೆಚ್ಚಾಗಿ ಹಿಡಿಯಲು ಕಾರಣವಿದೆ. ಎದುರಾಳಿಗೆ ಹೆಚ್ಚು ಪೆಟ್ಟು ಬೀಳಬೇಕು, ತನಗೆ ಕಡಿಮೆ ಅಪಾಯವಾಗಬೇಕು: ಆಕ್ರಮಣ ಮಾಡುವ ಯಾರೇ ಆದರೂ ಒಳಗೊಳಗೇ ಹಾಕುವ ಲೆಕ್ಕ ಇದು ಎಂದು ಬ್ಯೋರ್ಕ್‌ಕ್ವಿಸ್ಟ್ ವಿವರಿಸಿದ್ದಾರೆ. 1999ರಲ್ಲಿ ಆ್ಯನ್ ಕ್ಯಾಂಬೆಲ್ ಇದಕ್ಕೆ ವಿಕಾಸದ ಕೊಂಡಿ ಜೋಡಿಸಿದರು. ಮಾನವ ಇತಿಹಾಸದ ಬಹುಪಾಲು, ಮಗುವಿನ ಉಳಿವು ತಾಯಿಯ ಉಳಿವಿನ ಮೇಲೇ ಹೆಚ್ಚಾಗಿ ನಿಂತಿತ್ತು. ಹಾಗಾಗಿ ಮೈಗೆ ಪೆಟ್ಟಾಗುವ ಜಗಳ ಹೆಣ್ಣಿಗೆ ತೀರಾ ದುಬಾರಿ ಎಂಬುದು ಅವರ ವಾದ. ಇದರ ಮೇಲೆ ಸಮಾಜ ಹೇರುವ ದಂಡ ಬೇರೆ. ಸಿಟ್ಟನ್ನು ನೇರವಾಗಿ ತೋರಿಸಿದ ಹುಡುಗನಿಗೆ 'ಖಡಕ್' ಎಂಬ ಹೆಸರು ಬಂದರೆ, ಹುಡುಗಿಗೆ 'ಗಯ್ಯಾಳಿ' ಎಂಬ ಹೆಸರು ಬರುತ್ತದೆ. ಎದುರಿನ ಬಾಗಿಲು ಮುಚ್ಚಿದರೆ ಸಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಡುತ್ತದೆ. ಉಳಿದ ಉತ್ತರಗಳೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು.

ನೋಡುವವರ ಕಣ್ಣಿನಲ್ಲೂ ದೋಷವಿದೆ. 2013ರಲ್ಲಿ ಲೀ ಶೆಪರ್ಡ್ ಮತ್ತು ಕಾರ್ಲ್ ಅಕ್ವಿನೊ ಕಚೇರಿಯ ಒಂದೇ ಜಗಳವನ್ನು ಹೆಸರು ಬದಲಿಸಿ ಬೇರೆ ಬೇರೆಯವರಿಗೆ ಓದಲು ಕೊಟ್ಟರು. ಒಂದರಲ್ಲಿ ಇಬ್ಬರೂ ಹೆಂಗಸರು, ಇನ್ನೊಂದರಲ್ಲಿ ಇಬ್ಬರೂ ಗಂಡಸರು, ಮತ್ತೊಂದರಲ್ಲಿ ಒಬ್ಬರು ಹೆಂಗಸು ಒಬ್ಬರು ಗಂಡಸು. ಇಬ್ಬರು ಹೆಂಗಸರ ಜಗಳ ಓದಿದವರು ಮಾತ್ರ ಅದರ ಪರಿಣಾಮ ಹೆಚ್ಚು ಕೆಟ್ಟದಾಗಿರುತ್ತದೆ ಎಂದು ಎಣಿಸಿದರು. ಘಟನೆಯಲ್ಲಿ ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಇನ್ನು ಮರೆಯುವ ವಿಷಯ. 2016ರಲ್ಲಿ ಜಾಯ್ಸ್ ಬೆನೆನ್ಸನ್ ಮತ್ತು ರಿಚರ್ಡ್ ರಾಂಗಮ್ 44 ದೇಶಗಳ ಟೆನಿಸ್, ಟೇಬಲ್ ಟೆನಿಸ್, ಬ್ಯಾಡ್ಮಿಂಟನ್, ಬಾಕ್ಸಿಂಗ್ ಪಂದ್ಯಗಳ ವಿಡಿಯೊ ನೋಡಿ, ಆಟ ಮುಗಿದ ಮೇಲೆ ಎದುರಾಳಿಗಳು ಕೈಕುಲುಕುತ್ತಾ, ಬೆನ್ನು ತಟ್ಟುತ್ತಾ, ಅಪ್ಪಿಕೊಳ್ಳುತ್ತಾ ಎಷ್ಟು ಹೊತ್ತು ಕಳೆಯುತ್ತಾರೆ ಎಂದು ಅಳೆದರು. ಗಂಡಸರು ಹೆಚ್ಚು ಹೊತ್ತು ಕಳೆದಿದ್ದರು. ಹೆಂಗಸರ ಮನಸ್ಸು ಚಿಕ್ಕದು ಎಂದು ಇದರಿಂದ ಹೇಳಲಾಗದು. ಜಗಳಕ್ಕೊಂದು ಮುಕ್ತಾಯ ಬೇಕು, ಅದನ್ನು ಕೈಯಾರೆ ಮಾಡಬೇಕು, ಆ ರೂಢಿ ಹೆಂಗಸರಲ್ಲಿ ಕಡಿಮೆ ಎಂದಷ್ಟೇ ನಾವು ಇದನ್ನು ಓದುತ್ತೇವೆ. ರೂಢಿಯನ್ನು ಕಲಿಯಬಹುದು.

ಪ್ರಶ್ನೆ: ಸಹೋದ್ಯೋಗಿಯೊಬ್ಬಳು ಎದುರಿಗೆ ನಗುತ್ತಲೇ ಮಾತಾಡುತ್ತಾಳೆ. ಆದರೆ ಸಭೆಯ ಸಮಯ ಬದಲಾದದ್ದು ನನಗೆ ತಿಳಿಯುವುದಿಲ್ಲ, ನಾನು ಮಾಡಿದ ಕೆಲಸ 'ನಾವು ಮಾಡಿದ್ದು' ಆಗುತ್ತದೆ, ನಾನು ಒಳಗೆ ಬಂದೊಡನೆ ಮಾತು ನಿಲ್ಲುತ್ತದೆ. ಇದು ನನ್ನ ಭ್ರಮೆಯೋ ನಿಜವೋ ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಪರೋಕ್ಷ ಆಕ್ರಮಣದ ಬಲ ಇರುವುದೇ ಈ ಗೊಂದಲದಲ್ಲಿ. ಒಂದೊಂದು ಘಟನೆಯನ್ನೂ 'ಅಯ್ಯೋ, ನನಗೆ ಗೊತ್ತೇ ಆಗಲಿಲ್ಲ' ಎಂದು ತಳ್ಳಿಹಾಕಬಹುದು. ಆದ್ದರಿಂದ ಮೊದಲು ಗೊಂದಲವನ್ನು ಕಳೆದುಕೊಳ್ಳಿ.

ಮೂರು ವಾರ ಯಾರಿಗೂ ಏನೂ ಹೇಳದೆ ಬರೆದಿಡಿ. ನಾಲ್ಕು ಕಲಂ ಸಾಕು: ದಿನಾಂಕ, ಕಂಡದ್ದು ಅಥವಾ ಕೇಳಿದ್ದು, ಅಲ್ಲಿದ್ದವರು, ಕೆಲಸದ ಮೇಲಾದ ಪರಿಣಾಮ. ಎರಡನೇ ಕಲಮಿನಲ್ಲೇ ಎಲ್ಲರೂ ಎಡವುತ್ತಾರೆ. 'ಬೇಕೆಂದೇ ಅವಮಾನ ಮಾಡಿದಳು' ಎಂಬುದು ನಿಮ್ಮ ತೀರ್ಮಾನ. 'ಸಭೆ 3ಕ್ಕೆ ಇದ್ದದ್ದು 2ಕ್ಕೆ ಬಂತು. ಐವರಿಗೆ ಸಂದೇಶ ಹೋಯಿತು, ನನಗೆ ಹೋಗಲಿಲ್ಲ' ಎಂಬುದು ಕಂಡದ್ದು. ಮೂರು ವಾರದ ಬಳಿಕ ನೋಡಿ. ಮರೆವು ಎಲ್ಲರ ಪಾಲಿಗೂ ಬಂದಿದ್ದರೆ ಅದು ಅವಳ ಅಸ್ತವ್ಯಸ್ತತೆ. ನಿಮ್ಮೊಬ್ಬರ ಪಾಲಿಗೇ, ಅದೂ ಮೇಲಿನವರ ಕಣ್ಣಿಗೆ ನೀವು ಬೀಳಬೇಕಾದ ಸಂದರ್ಭಗಳಲ್ಲೇ ಬಂದಿದ್ದರೆ, ಅದು ಗುರಿಯಿಟ್ಟದ್ದು. ಎಷ್ಟೋ ಸಲ ಮೊದಲನೆಯದೇ ನಿಜವಾಗಿರುತ್ತದೆ, ಆಗ ಒಂದು ಸಂಬಂಧ ಉಳಿಯುತ್ತದೆ.

ಗುರಿಯಿಟ್ಟದ್ದು ಎಂದು ಖಚಿತವಾದರೆ, ಅವಳೊಬ್ಬಳೊಂದಿಗೇ ಹತ್ತು ನಿಮಿಷ ಮಾತಾಡಿ. ಒಂದೇ ಘಟನೆ ಎತ್ತಿಕೊಳ್ಳಿ, ಅದೂ ಇತ್ತೀಚಿನದು. ಮಾತು ಮೂರು ವಾಕ್ಯ ಮೀರುವುದು ಬೇಡ: 'ಮಂಗಳವಾರದ ಸಭೆ 2 ಗಂಟೆಗೆ ಬಂದದ್ದು ನನಗೆ ತಿಳಿಯಲಿಲ್ಲ. ನನ್ನ ಭಾಗ ಹೇಳಲು ಆಗದೇ ಹೋಯಿತು. ಇನ್ನುಮುಂದೆ ಸಮಯ ಬದಲಾದರೆ ನನಗೂ ನೇರವಾಗಿ ತಿಳಿಸಬೇಕು.' ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ಬಹಳ ಕಷ್ಟದ್ದು. ಅದನ್ನು ತುಂಬಲು ಹೋಗಿ 'ಪರವಾಗಿಲ್ಲ ಬಿಡಿ, ಸುಮ್ಮನೆ ಹೇಳಿದೆ' ಎಂದು ನಕ್ಕರೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ.

ಈ ಮಾತುಕತೆ ಕೆಡುವುದು ಸಾಮಾನ್ಯವಾಗಿ ನಾಲ್ಕು ಕಡೆ. ಹಳೆಯ ಐದಾರು ದೂರುಗಳನ್ನು ಒಟ್ಟಿಗೆ ಸುರಿದರೆ ಅವಳು ಅತಿ ದುರ್ಬಲವಾದದ್ದನ್ನು ಹಿಡಿದು ಅದಕ್ಕಷ್ಟೇ ಉತ್ತರ ಕೊಡುತ್ತಾಳೆ. 'ಎಲ್ಲರೂ ಹೀಗೇ ಹೇಳುತ್ತಾರೆ' ಎಂದರೆ ವಿಷಯ ಬಿಟ್ಟು ಆ 'ಎಲ್ಲರೂ' ಯಾರು ಎಂಬ ಹುಡುಕಾಟ ಶುರುವಾಗುತ್ತದೆ. 'ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು' ಎಂದಿರೋ, ಅಲ್ಲಿಗೆ ಮಾತು ಮುಗಿಯಿತು, ಉದ್ದೇಶವನ್ನು ಯಾರೂ ಸಾಬೀತು ಮಾಡಲಾರರು. ನಾಲ್ಕನೆಯದು, ಇದನ್ನೆಲ್ಲ ರಾತ್ರಿ ಸಂದೇಶದಲ್ಲಿ ಬರೆಯುವುದು. ಅದು ಮರುದಿನ ಬೆಳಗ್ಗೆ ಹತ್ತು ಜನರ ಫೋನಿನಲ್ಲಿರುತ್ತದೆ.

ಮಾತಿನ ಜೊತೆಗೆ, ನಿಮಗೆ ಮಾಹಿತಿ ಬರುವ ದಾರಿಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಿ. ಸಭೆ ಕರೆಯುವವರನ್ನೇ ನೇರವಾಗಿ ಕೇಳಿ ನಿಮ್ಮ ಹೆಸರು ಪಟ್ಟಿಗೆ ಹಾಕಿಸಿಕೊಳ್ಳಿ. ಸಭೆ ಮುಗಿದ ಒಂದು ಗಂಟೆಯೊಳಗೆ 'ಇಂದು ತೀರ್ಮಾನವಾದದ್ದು, ಯಾರು ಏನು ಮಾಡಬೇಕು' ಎಂಬ ನಾಲ್ಕೈದು ಸಾಲನ್ನು ಎಲ್ಲರಿಗೂ ನೀವೇ ಕಳಿಸಿ. ಕೆಲಸದ ಶ್ರೇಯ ಜಾರುತ್ತಿದ್ದರೆ ಆ ಕ್ಷಣದಲ್ಲೇ, ಸಮಾಧಾನದ ದನಿಯಲ್ಲಿ, 'ಆ ಲೆಕ್ಕ ನಾನು ಮಾಡಿದ್ದು, ಅದರ ಮೂರನೇ ಭಾಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ' ಎನ್ನಿ. ಒಂದು ವಾರ ಕಳೆದು ಹೇಳಿದರೆ ಅದೇ ಮಾತು ಕೊರಗಾಗಿ ಕೇಳಿಸುತ್ತದೆ.

ನೇರ ಮಾತಿನ ನಂತರವೂ ಎರಡು ಸಲ ಹೀಗೇ ಆದರೆ ಮೇಲಧಿಕಾರಿಗೆ ತಿಳಿಸಿ. ಆಗ ನಿಮ್ಮ ಪಟ್ಟಿಯ ನಾಲ್ಕನೇ ಕಲಮನ್ನೇ ಮುಂದಿಡಿ. 'ಅವಳು ಕೆಟ್ಟವಳು' ಎಂದು ಹೋದರೆ 'ಇಬ್ಬರು ಹೆಂಗಸರ ಜಗಳ' ಎಂಬ ಕಡತಕ್ಕೆ ಸೇರುತ್ತದೆ. 'ಮಾಹಿತಿ ತಪ್ಪಿ ಈ ಎರಡು ಕೆಲಸ ತಡವಾದವು' ಎಂದು ಹೋದರೆ ಅದು ಕೆಲಸದ ಸಮಸ್ಯೆ.

ಒಂದು ಎಚ್ಚರಿಕೆ. ಈ ನಡುವೆ ನಿಮ್ಮ ಕಡೆಗೂ ನಾಲ್ಕು ಜನರನ್ನು ಕಟ್ಟಿಕೊಳ್ಳುವ ಆಸೆ ಬಲವಾಗಿ ಬರುತ್ತದೆ. ಬೇಡ. ಅಲ್ಲಿಂದಾಚೆಗೆ ನೋಡುವವರಿಗೆ ಎರಡು ಗುಂಪುಗಳು ಕಾಣುತ್ತವೆ, ಯಾರು ಮೊದಲು ಶುರು ಮಾಡಿದರು ಎಂಬುದು ಕಾಣುವುದಿಲ್ಲ. ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬ್ರ್ಯಾಡ್ ಬುಷ್‌ಮನ್ ಅವರ 2002ರ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರ ಸಿಟ್ಟಿಗಿಂತ ಹೆಚ್ಚೇ ಇತ್ತು. ಮನೆಯಲ್ಲಿ ಒಬ್ಬರ ಹತ್ತಿರ ಹೇಳಿಕೊಳ್ಳಿ, ಒಂದು ಸಲ ಹೇಳಿಕೊಳ್ಳಿ.

ಪ್ರಶ್ನೆ: ನನ್ನ ಆಪ್ತ ಗೆಳತಿಗೆ ನಾನು ಬಯಸಿದ್ದ ಹುದ್ದೆಯೇ ಸಿಕ್ಕಿತು. ಬಾಯಲ್ಲಿ ಅಭಿನಂದನೆ ಹೇಳಿದೆ, ಒಳಗೆ ಬೆಂದುಹೋದೆ. ಅವಳ ಸಣ್ಣ ತಪ್ಪುಗಳನ್ನು ಬೇರೆಯವರಿಗೆ ಹೇಳುತ್ತಿದ್ದೇನೆ. ನಾನು ಇಷ್ಟು ಕೆಟ್ಟವಳೇ?

ಉತ್ತರ: ಅಪರಿಚಿತಳೊಬ್ಬಳಿಗೆ ಆ ಹುದ್ದೆ ಸಿಕ್ಕಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಗೆಳತಿಗೆ ನಿಮಗೆ ಬೇಡದ ಕ್ಷೇತ್ರದಲ್ಲಿ ಗೆಲುವು ಸಿಕ್ಕಿದ್ದರೆ ಹೆಮ್ಮೆಯೇ ಪಡುತ್ತಿದ್ದಿರಿ. ಹತ್ತಿರದವರು ನಮ್ಮದೇ ಕ್ಷೇತ್ರದಲ್ಲಿ ನಮ್ಮನ್ನು ಮೀರಿದಾಗ ನೋವು ಅತಿ ಹೆಚ್ಚು ಎಂಬುದನ್ನು ಅಬ್ರಹಾಂ ಟೆಸರ್ 1980ರ ದಶಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಆಗ ಮನಸ್ಸು ಮೂರರಲ್ಲಿ ಒಂದನ್ನು ಮಾಡುತ್ತದೆ: ಅವಳಿಂದ ದೂರ ಸರಿಯುತ್ತದೆ, ಆ ಗುರಿಯೇ ಮುಖ್ಯವಲ್ಲ ಎಂದುಕೊಳ್ಳುತ್ತದೆ, ಇಲ್ಲವೇ ಅವಳನ್ನು ಕೆಳಗೆಳೆಯುತ್ತದೆ. ನೀವೀಗ ಮೂರನೆಯದರಲ್ಲಿದ್ದೀರಿ. ಭಾವನೆ ತಪ್ಪಲ್ಲ, ತಪ್ಪುಗಳನ್ನು ಹರಡುತ್ತಿರುವುದು ತಪ್ಪು, ಅದನ್ನು ಇವತ್ತೇ ನಿಲ್ಲಿಸಬೇಕು.

ನೀಲ್ಸ್ ವಾನ್ ಡೆ ವೆನ್ ಮತ್ತು ಸಂಗಡಿಗರು 2009ರಲ್ಲಿ ಅಸೂಯೆಯನ್ನು ಎರಡಾಗಿ ಬೇರ್ಪಡಿಸಿದರು. ಒಂದು, ನಾನೂ ಅಲ್ಲಿಗೆ ಏರಬೇಕು ಎನ್ನುವುದು. ಇನ್ನೊಂದು, ಅವಳು ಅಲ್ಲಿಂದ ಬೀಳಬೇಕು ಎನ್ನುವುದು. ಅವರ ಡಚ್ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳೇ ಇವೆ. ನಮ್ಮಲ್ಲಿಯೂ ಹಳೆಯ 'ಹುರುಡು' ಎಂಬ ಮಾತಿನಲ್ಲಿ ಸ್ಪರ್ಧೆಯ ಹುರುಪು ಉಂಟು, 'ಹೊಟ್ಟೆಕಿಚ್ಚಿ'ನಲ್ಲಿ ಬರೀ ಸುಡುವುದುಂಟು. ಯಾವುದಕ್ಕೆ ತಿರುಗುತ್ತದೆ ಎಂಬುದನ್ನು ಎರಡು ಪ್ರಶ್ನೆ ನಿರ್ಧರಿಸುತ್ತವೆ: ಅವಳು ಅದಕ್ಕೆ ಅರ್ಹಳೇ? ನನ್ನ ಕೈಯಲ್ಲಿ ಇನ್ನೇನಾದರೂ ಇದೆಯೇ? ಹಾಳೆಯ ಒಂದು ಬದಿಗೆ ಆ ಹುದ್ದೆಗಾಗಿ ಅವಳು ಮಾಡಿದ ಐದು ಕೆಲಸ ಬರೆಯಿರಿ. ಇನ್ನೊಂದು ಬದಿಗೆ ಮುಂದಿನ ಆರು ತಿಂಗಳಲ್ಲಿ ನಿಮ್ಮಿಂದಾಗುವ ಎರಡು ಕೆಲಸ ಬರೆಯಿರಿ. ಹತ್ತು ಬರೆಯಬೇಡಿ, ಹತ್ತೂ ಹಾಗೇ ಉಳಿಯುತ್ತವೆ. ಸಂಬಂಧ ಗಟ್ಟಿಯಿದ್ದರೆ ಗೆಳತಿಗೇ ಹೇಳಿಬಿಡಿ: 'ನಿನಗೆ ಸಿಕ್ಕಿದ್ದು ಸಂತೋಷ. ನನಗೂ ಬೇಕಿತ್ತು, ಅದಕ್ಕೇ ಸ್ವಲ್ಪ ದಿನ ಸಪ್ಪಗಿರುತ್ತೇನೆ.' ಹೀಗೆ ಬಾಯಿಬಿಟ್ಟು ಹೇಳಿದವರು ಆಮೇಲೆ ಬೆನ್ನ ಹಿಂದೆ ಆಡುವುದು ಕಡಿಮೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಎಲ್ಲ ಮಾತೂ 'ಪಾಪ, ಅವಳ ಬಗ್ಗೆ ನನಗೆ ಚಿಂತೆ' ಎಂದೇ ಶುರುವಾಗುತ್ತದೆ. ಇದು ಕಾಳಜಿಯೋ ಚಾಡಿಯೋ?

ಉತ್ತರ: ಮಾತು ಮುಗಿದ ಮೇಲೆ ಅವಳಿಗೆ ಏನಾದರೂ ಸಹಾಯ ತಲುಪಿತೇ ನೋಡಿ. ತಲುಪಿದರೆ ಕಾಳಜಿ, ಅವಳ ಗುಟ್ಟಷ್ಟೇ ನಾಲ್ಕು ಮನೆ ದಾಟಿದರೆ ಚಾಡಿ. ಕಾಳಜಿಯ ಹೊದಿಕೆಯಲ್ಲಿ ಬರುವ ಚಾಡಿಯನ್ನು ಟೇನಿಯಾ ರೆನಾಲ್ಡ್ಸ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಹೇಳುವವಳಿಗೆ ತಾನು ಚಾಡಿ ಹೇಳುತ್ತಿದ್ದೇನೆ ಎಂದು ಅನ್ನಿಸದಿರಬಹುದು, ನಿಜಕ್ಕೂ ಚಿಂತೆ ಎಂದೇ ನಂಬಿರಬಹುದು. ಕೇಳುವವರೂ ಅವಳನ್ನು ಒಳ್ಳೆಯವಳೆಂದೇ ಕಾಣುತ್ತಾರೆ. ಆದರೆ ಯಾರ ಬಗ್ಗೆ ಹೇಳಿದರೋ ಅವಳ ಹೆಸರಿಗೆ ಪೆಟ್ಟು ಬಿದ್ದಿರುತ್ತದೆ.

ಹರಟೆಯೆಲ್ಲ ಕೆಟ್ಟದ್ದಲ್ಲ ಎನ್ನುವುದನ್ನೂ ಹೇಳಬೇಕು. ಮೇಗನ್ ರಾಬಿನ್ಸ್ ಮತ್ತು ಅಲೆಕ್ಸಾಂಡರ್ ಕರನ್ 467 ಜನರ ದಿನನಿತ್ಯದ ಮಾತಿನ ತುಣುಕುಗಳನ್ನು ಧ್ವನಿಮುದ್ರಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಲ್ಲದವರ ಬಗ್ಗೆ ಜನ ದಿನಕ್ಕೆ ಸರಾಸರಿ 52 ನಿಮಿಷ ಮಾತಾಡುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಸುದ್ದಿ. ಹೆಂಗಸರು ಹೆಚ್ಚಾಗಿ ಆಡಿದ್ದೂ ಇಂಥ ಸುದ್ದಿಯನ್ನೇ. ಕೆಟ್ಟ ಮಾತಿನಲ್ಲಿ ಅವರು ಗಂಡಸರಿಗಿಂತ ಮುಂದಿರಲಿಲ್ಲ.

ಗುಂಪಿನಲ್ಲಿ ಇದನ್ನು ನಿಲ್ಲಿಸಲು ಉಪದೇಶ ಬೇಡ. 'ಹೌದಾ? ಹಾಗಾದರೆ ಅವಳಿಗೇ ಫೋನ್ ಮಾಡಿ ಕೇಳೋಣವೇ?' ಎಂದರೆ ಸಾಕು. ಕಾಳಜಿ ನಿಜವಾಗಿದ್ದರೆ ಫೋನ್ ಹೋಗುತ್ತದೆ, ಇಲ್ಲದಿದ್ದರೆ ವಿಷಯ ಬದಲಾಗುತ್ತದೆ. ಆಡುವವರಿಗೂ ಒಂದು ನಷ್ಟವಿದೆ. ಯಾರೋ ಮೋಸಗಾತಿ ಎಂದು ನೀವು ವರ್ಣಿಸಿದಾಗ, ಕೇಳುಗರ ಮನಸ್ಸಿನಲ್ಲಿ ಆ ಗುಣ ನಿಮಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಜಾನ್ ಸ್ಕೊವ್ರಾನ್ಸ್ಕಿ ಮತ್ತು ಜೊತೆಗಾರರು 1998ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಅವಳ ಗುಂಪಿನ ಹುಡುಗಿಯರು ಹದಿನೈದು ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದಾರೆ. ಅವಳನ್ನು ಬಿಟ್ಟು ಹೊಸ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಇದನ್ನು ಶುರು ಮಾಡಿದ ಹುಡುಗಿಯ ತಾಯಿಗೆ ಫೋನ್ ಮಾಡಲೇ?

ಉತ್ತರ: ಮೊದಲ ಹೆಜ್ಜೆಯಾಗಿ ಬೇಡ. ಆ ತಾಯಿ ತನ್ನ ಮಗಳ ಪರ ನಿಲ್ಲುತ್ತಾರೆ, ಮರುದಿನ ಶಾಲೆಯಲ್ಲಿ ನಿಮ್ಮ ಮಗಳು 'ಅಮ್ಮನಿಗೆ ಹೇಳಿದವಳು' ಆಗುತ್ತಾಳೆ.

'ಇಷ್ಟಕ್ಕೆಲ್ಲ ಅಳುತ್ತಾರಾ' ಎನ್ನುವುದೂ ಬೇಡ. ಹೊರಗಿಟ್ಟ ನೋವು ಎಷ್ಟು ಆಳದ್ದು ಎಂದು ತಿಳಿಯಲು ಕಿಪ್ಲಿಂಗ್ ವಿಲಿಯಮ್ಸ್ ರೂಪಿಸಿದ ಚೆಂಡಾಟವನ್ನು ನೋಡಬೇಕು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುತ್ತಾರೆ. ಕೆಲವು ಎಸೆತಗಳ ನಂತರ ಉಳಿದಿಬ್ಬರೂ ನಿಮಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಅಷ್ಟಕ್ಕೇ, ಕೆಲವೇ ನಿಮಿಷಗಳಲ್ಲಿ, ದೊಡ್ಡವರ ಮನಸ್ಸೂ ಕುಗ್ಗುತ್ತದೆ. ಎದುರಿಗೆ ಆಡುತ್ತಿರುವುದು ಬರೀ ಯಂತ್ರ ಎಂದು ಮೊದಲೇ ಹೇಳಿದ್ದರೂ ಕುಗ್ಗುತ್ತದೆ. ನಿಮ್ಮ ಮಗಳು ಹದಿನೈದು ದಿನದಿಂದ ಆ ಆಟದೊಳಗಿದ್ದಾಳೆ.

ಆಗುತ್ತಿರುವುದು ಯಾವುದು ಎಂದು ಗುರುತಿಸಿ. ಠೂ ಬಿಟ್ಟದ್ದಾದರೆ ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ತಾನೇ ಕರಗುತ್ತದೆ. ಗುಂಪು ನಿಧಾನಕ್ಕೆ ಚದುರಿ ಬೇರೆ ಬೇರೆ ಆಸಕ್ತಿಗಳ ಕಡೆ ಹೋಗಿದ್ದರೆ ನೋವಿದೆ, ದ್ವೇಷವಿಲ್ಲ. ಮೂರನೆಯದು ಪೀಡನೆ. ಅದನ್ನು ಗುರುತಿಸಲು ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವಿಯಸ್ ಕೊಟ್ಟ ಮೂರು ಲಕ್ಷಣ ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ಆಗುವುದು, ಬಲದಲ್ಲಿ ಅಸಮತೆ. ಇಡೀ ಗುಂಪು ಒಬ್ಬಳ ವಿರುದ್ಧ ಹದಿನೈದು ದಿನ ನಿಂತರೆ, ಬೇರೆ ಗುಂಪನ್ನೇ ಕಟ್ಟಿದರೆ, ಇದನ್ನು ಮೂರನೆಯದೆಂದೇ ಹಿಡಿಯುವುದು ಕ್ಷೇಮ.

ಮನೆಯಲ್ಲಿ ದಿನಕ್ಕೆ ಒಂದು ಸಲ, ಹದಿನೈದಿಪ್ಪತ್ತು ನಿಮಿಷ, ಪೂರ್ತಿ ಕೇಳಿಸಿಕೊಳ್ಳಿ. ನಂತರ ಬೇರೆ ಕೆಲಸಕ್ಕೆ ಕರೆದುಕೊಳ್ಳಿ. ಮಿತಿ ಹಾಕಲು ಕಾರಣವಿದೆ. ಗೆಳತಿಯರು ಒಂದೇ ನೋವನ್ನು ಮತ್ತೆ ಮತ್ತೆ ಕೆದಕುತ್ತಾ ಮಾತಾಡಿದರೆ ಸ್ನೇಹ ಗಾಢವಾಗುತ್ತದೆ, ಜೊತೆಗೆ ಹುಡುಗಿಯರಲ್ಲಿ ಖಿನ್ನತೆ ಆತಂಕಗಳೂ ಏರುತ್ತವೆ ಎಂದು ಅಮಾಂಡಾ ರೋಸ್ ಅವರ ಅಧ್ಯಯನಗಳು ಹೇಳುತ್ತವೆ. ತಾಯಿ ಮಗಳ ನಡುವೆಯೂ ಇಡೀ ಸಂಜೆ ಅದೇ ನಡೆಯದಂತೆ ನೋಡಿಕೊಳ್ಳಿ.

ಹಳೆಯ ಗುಂಪಿಗೆ ಮತ್ತೆ ಸೇರಿಸುವ ಹಟ ಬಿಡಿ. ಗುರಿ ಐದು ಗೆಳತಿಯರಲ್ಲ, ಒಬ್ಬಳು. ಅರ್ನೆಸ್ಟ್ ಹಾಡ್ಜಸ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ಪರಸ್ಪರ ಆಪ್ತನೆಂದು ಹೇಳಿಕೊಳ್ಳುವ ಒಬ್ಬ ಗೆಳೆಯ ಇದ್ದರೂ ಪೀಡನೆಯ ಹಾನಿ ಮಕ್ಕಳಿಗೆ ಕಡಿಮೆ ತಟ್ಟುತ್ತದೆ. ಆ ಒಬ್ಬಳು ಬೇರೆ ವಿಭಾಗದವಳಾಗಿರಬಹುದು, ಆಟದ ಮೈದಾನದವಳಾಗಿರಬಹುದು. ಅವಳನ್ನು ವಾರಕ್ಕೊಮ್ಮೆ ಮನೆಗೆ ಕರೆಯಿರಿ, ಇಬ್ಬರಿಗೂ ಕೈಗೊಂದು ಕೆಲಸ ಕೊಡಿ. ಎದುರು ಬದುರು ಕೂರಿಸಿ 'ಮಾತಾಡಿ' ಎಂದರೆ ಇಬ್ಬರೂ ಮುದುಡುತ್ತಾರೆ.

ಶಾಲೆಗೆ ಹೋಗುವಾಗ ದಿನಾಂಕದ ಪಟ್ಟಿ ಒಯ್ಯಿರಿ. ಕ್ಷಮೆ ಕೇಳಿಸಿ ಎಂದು ಕೇಳಬೇಡಿ. ಎಲ್ಲರ ಮುಂದೆ ಬಲವಂತವಾಗಿ ಕೇಳಿಸಿದ ಕ್ಷಮೆಗೆ ಬಡ್ಡಿ ಸಮೇತ ತೀರಿಕೆ ನಡೆಯುತ್ತದೆ. 'ಗುಂಪು ಮಾಡಿಕೊಳ್ಳಿ' ಎಂದು ಮಕ್ಕಳಿಗೇ ಬಿಡದೆ ಟೀಚರ್ ಅವರೇ ಜೋಡಿಗಳನ್ನು ಹೆಸರಿಸುವುದು, ಊಟದ ಬಿಡುವಿನಲ್ಲಿ ದೊಡ್ಡವರೊಬ್ಬರು ಆ ಕಡೆ ಸುಳಿದಾಡುವುದು, ಕೂರುವ ಜಾಗ ಬದಲಿಸುವುದು: ಇವನ್ನು ಕೇಳಿ. ಇವು ಸಣ್ಣವೆನಿಸಿದರೂ ಹೊರಗಿಡುವುದು ನಡೆಯುವುದೇ ಇಂಥ ಜಾಗಗಳಲ್ಲಿ.

ಫೋನ್ ಕಿತ್ತುಕೊಂಡರೆ ಮುಂದಿನ ಸಲ ಏನಾದರೂ ಆದಾಗ ಅವಳು ನಿಮಗೆ ಹೇಳುವುದಿಲ್ಲ. ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಉತ್ತರಿಸುವುದು ಬೇಡ, ರಾತ್ರಿ ಫೋನ್ ಅವಳ ಕೋಣೆಯ ಹೊರಗಿರಲಿ. ನಿದ್ದೆ ಊಟ ಕೆಟ್ಟರೆ, ಶಾಲೆಯ ದಿನವೇ ಹೊಟ್ಟೆನೋವು ಬರುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಬದುಕುವುದೇ ಬೇಡ ಎಂಬ ಅರ್ಥದ ಒಂದು ಮಾತು ಬಂದರೂ ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಮುಖ್ಯಸ್ಥೆ ಹೆಂಗಸರ ಮೇಲೆಯೇ ಹೆಚ್ಚು ಕಠಿಣ. 'ನನಗೆ ಯಾರೂ ರಿಯಾಯಿತಿ ಕೊಡಲಿಲ್ಲ' ಎನ್ನುತ್ತಾರೆ. ಏಕೆ ಹೀಗೆ?

ಉತ್ತರ: ಇದಕ್ಕೆ 1970ರ ದಶಕದಲ್ಲೇ 'ರಾಣಿ ಜೇನು' ಎಂದು ಹೆಸರಿಟ್ಟರು. ಹೆಸರು ಕೇಳಿದರೆ ದೋಷವೆಲ್ಲ ಆ ಹೆಂಗಸಿನದೇ ಎನಿಸುತ್ತದೆ. 2011ರಲ್ಲಿ ಬೆಲ್ ಡೆರ್ಕ್ಸ್, ನವೋಮಿ ಎಲ್ಲೆಮರ್ಸ್ ಮತ್ತು ಸಂಗಡಿಗರು 63 ಹಿರಿಯ ಮಹಿಳಾ ಪೊಲೀಸ್ ಅಧಿಕಾರಿಗಳಲ್ಲಿ ಒಂದಷ್ಟು ಮಂದಿಗೆ ತಾವು ಎದುರಿಸಿದ ತಾರತಮ್ಯವನ್ನು ನೆನಪಿಸಿಕೊಂಡು ಬರೆಯಲು ಹೇಳಿದರು. ಹೆಣ್ಣೆಂಬ ಗುರುತಿಗೆ ಮೊದಲೇ ಅಷ್ಟಾಗಿ ಅಂಟಿಕೊಳ್ಳದ ಅಧಿಕಾರಿಗಳು, ಹಾಗೆ ನೆನಪಿಸಿಕೊಂಡ ಮೇಲೆ, ಉಳಿದ ಹೆಂಗಸರಿಂದ ಇನ್ನಷ್ಟು ದೂರ ಸರಿದರು. ಆ ಗುರುತನ್ನು ಗಟ್ಟಿಯಾಗಿ ಹಿಡಿದವರಲ್ಲಿ, ಅದೇ ನೆನಪು ಬೇರೆ ಹೆಂಗಸರಿಗೆ ನೆರವಾಗುವ ಮನಸ್ಸನ್ನು ಹೆಚ್ಚಿಸಿತು. ತಾರತಮ್ಯವಿರುವ ಜಾಗದಲ್ಲಿ ಮೇಲೇರಲು 'ನಾನು ಆ ಹೆಂಗಸರಂತಲ್ಲ' ಎಂದು ತೋರಿಸಿಕೊಳ್ಳಬೇಕಾಗಿ ಬಂದವರ ನಡೆ ಇದು.

ನೀವು ಮಾಡಬಹುದಾದದ್ದು ಎರಡು. ಅವರ ಅನುಭವವನ್ನು ಕೇಳಿ: 'ಈ ಹಂತದಲ್ಲಿ ನಿಮಗೆ ಯಾವುದು ಅತಿ ಕಷ್ಟವಾಗಿತ್ತು?' ಆಗ ಅವರು ತಿಂದ ಪೆಟ್ಟಿಗೆ ಬೆಲೆ ಸಿಗುತ್ತದೆ. ಆಮೇಲೆ ರಿಯಾಯಿತಿ ಎಂಬ ಮಾತೆತ್ತದೆ, ಅಳತೆಗೋಲು ಕೇಳಿ: 'ಈ ವರದಿ ಚೆನ್ನಾಗಿದೆ ಎನ್ನಲು ಯಾವ ಮೂರು ಅಂಶ ಇರಬೇಕು?' ಬರಹದಲ್ಲಿರುವ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕಾಗುತ್ತದೆ. ಇನ್ನೊಂದನ್ನೂ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇಷ್ಟೇ ಕಠಿಣವಾಗಿ ಒಬ್ಬ ಗಂಡಸು ನಡೆದುಕೊಂಡಿದ್ದರೆ ನಿಮಗೆ ಇಷ್ಟೇ ನೋವಾಗುತ್ತಿತ್ತೇ? ಹೆಂಗಸು ಎಂಬ ಕಾರಣಕ್ಕೆ ಅವರಿಂದ ಹೆಚ್ಚು ಮೃದುತ್ವ ನಿರೀಕ್ಷಿಸಿದ್ದರೆ ಅದೂ ಅವರಿಗೆ ಆಗುವ ಅನ್ಯಾಯವೇ.

ಪ್ರಶ್ನೆ: ಇದೆಲ್ಲ ಹಾರ್ಮೋನಿನ ಆಟವಲ್ಲವೇ?

ಉತ್ತರ: ಅಲ್ಲ. ಮುಟ್ಟಿನ ಮುಂಚಿನ ವಾರದ ಸಿಡುಕು ಕೆಲವರಿಗೆ ನಿಜವಾಗಿಯೂ ತೀವ್ರ. ಆದರೆ ಅದು ಮನೆಯವರು, ಮಕ್ಕಳು ಎಂದು ನೋಡದೆ ಎಲ್ಲರ ಮೇಲೂ ಬರುತ್ತದೆ, ಸ್ರಾವ ಶುರುವಾದ ಕೆಲವು ದಿನಗಳಲ್ಲಿ ಇಳಿಯುತ್ತದೆ. ಒಬ್ಬಳನ್ನೇ ಆರಿಸಿ ತಿಂಗಳುಗಟ್ಟಲೆ ಹೊರಗಿಡುವ ಯೋಜನೆಯನ್ನು ಹಾರ್ಮೋನು ಮಾಡುವುದಿಲ್ಲ. ನಿಮ್ಮದೇ ಸಿಡುಕಿನ ಬಗ್ಗೆ ಅನುಮಾನವಿದ್ದರೆ ಎರಡು ಮುಟ್ಟಿನ ಚಕ್ರ ಪೂರ್ತಿ, ಪ್ರತಿದಿನ, ಸಿಡುಕಿಗೆ 1ರಿಂದ 6ರವರೆಗೆ ಅಂಕ ಹಾಕಿ ವೈದ್ಯರಿಗೆ ತೋರಿಸಿ. ನೆನಪಿನಿಂದ ಹೇಳಿದ್ದಕ್ಕಿಂತ ಆ ಹಾಳೆ ಅವರಿಗೆ ಹೆಚ್ಚು ಉಪಯೋಗ.

ಪ್ರಶ್ನೆ: ಮಹಿಳೆಯರದ್ದೇ ತಂಡವೊಂದನ್ನು ನಡೆಸುತ್ತೇನೆ. ಸ್ಪರ್ಧೆ ಇಟ್ಟರೆ ಮನಸ್ತಾಪ, ಇಡದಿದ್ದರೆ ಕೆಲಸ ಸಪ್ಪೆ. ಹೆಂಗಸರಿಗೆ ಸ್ಪರ್ಧೆ ಒಗ್ಗುವುದೇ ಇಲ್ಲವೇ?

ಉತ್ತರ: ಒಗ್ಗುತ್ತದೆ. 2007ರಲ್ಲಿ ಪ್ರಕಟವಾದ ಮುರಿಯೆಲ್ ನೀಡರ್ಲೆ, ಲೀಸ್ ವೆಸ್ಟರ್‌ಲುಂಡ್ ಅವರ ಪ್ರಯೋಗದಲ್ಲಿ, ಎರಡಂಕಿಯ ಐದು ಸಂಖ್ಯೆಗಳನ್ನು ಕೂಡುವ ಲೆಕ್ಕಗಳನ್ನು 5 ನಿಮಿಷ ಮಾಡಬೇಕಿತ್ತು. ಗಂಡಸರು ಹೆಂಗಸರು ಒಂದೇ ಮಟ್ಟದಲ್ಲಿ ಮಾಡಿದರು. ಆದರೂ, ಗೆದ್ದವರಿಗೆ ಮಾತ್ರ ಹಣ ಸಿಗುವ ಸ್ಪರ್ಧೆಯನ್ನು ಗಂಡಸರಲ್ಲಿ 73%, ಹೆಂಗಸರಲ್ಲಿ 35% ಮಂದಿ ಆರಿಸಿಕೊಂಡರು. ಇದು ಹುಟ್ಟುಗುಣವೇ ಎಂದು ನೋಡಲು ಯೂರಿ ಗ್ನೀಜಿ ಮತ್ತು ಸಂಗಡಿಗರು ಎರಡು ಸಮಾಜಗಳಲ್ಲಿ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟ ಇಟ್ಟರು. ಫಲಿತಾಂಶ 2009ರಲ್ಲಿ ಬಂತು. ತಂದೆಯ ಯಜಮಾನಿಕೆಯ ತಾಂಜಾನಿಯಾದ ಮಸಾಯಿಗಳಲ್ಲಿ ಸ್ಪರ್ಧೆ ಆರಿಸಿದ ಹೆಂಗಸರು 26%, ಗಂಡಸರು 50%. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಮೇಘಾಲಯದ ಖಾಸಿಗಳಲ್ಲಿ ಹೆಂಗಸರು 54%, ಗಂಡಸರು 39%. ಗೆಲ್ಲಬೇಕು ಎಂದು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ ಎಂಬುದನ್ನು ಹುಡುಗಿ ಬೆಳೆಯುತ್ತಾ ಕಲಿಯುತ್ತಾಳೆ.

ಆದ್ದರಿಂದ ತಂಡದಲ್ಲಿ ಆಸೆಯನ್ನು ಬಾಯಿಬಿಟ್ಟು ಹೇಳುವುದಕ್ಕೆ ಜಾಗ ಮಾಡಿ. ಅವಕಾಶವೊಂದು ಬಂದಾಗ 'ಯಾರಿಗೆ ಬೇಕು?' ಎಂದು ಸಭೆಯಲ್ಲಿ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ, ಆಮೇಲೆ ಸಿಕ್ಕವಳ ಮೇಲೆ ಕಣ್ಣು ಬೀಳುತ್ತದೆ. ಬದಲಿಗೆ ಎಲ್ಲರಿಂದಲೂ ಒಂದು ಚೀಟಿ ಪಡೆಯಿರಿ: 'ಬೇಕು, ಈಗ ಬೇಡ, ಮುಂದಿನ ಸಲ ಬೇಕು'. ಯಾರು ಆರಿಸುತ್ತಾರೆ, ಯಾವ ಅಳತೆಯಲ್ಲಿ, ಯಾವ ದಿನ ಎಂಬುದನ್ನು ಸ್ಪರ್ಧೆಗೆ ಮೊದಲೇ ಬರೆದು ಅಂಟಿಸಿ. ಅಳತೆಗೋಲು ಗುಟ್ಟಾಗಿದ್ದರೆ ನಿಮ್ಮ ಒಲವು ಗಳಿಸುವುದೇ ಸ್ಪರ್ಧೆಯಾಗುತ್ತದೆ, ಒಬ್ಬರ ಮೇಲೊಬ್ಬರು ಕಿವಿಯೂದುವುದು ಅಲ್ಲಿಂದಲೇ ಶುರು. ಇಡೀ ತಂಡದ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಗೋಡೆಗೆ ಹಾಕಬೇಡಿ. ಗೆದ್ದವರ ಹೆಸರು ಸಾಕು, ಉಳಿದವರಿಗೆ ಅವರವರ ಅಂಕ, ಅವರವರ ಕೊರತೆ ಖಾಸಗಿಯಾಗಿ, ಎರಡು ದಿನದೊಳಗೆ ಹೇಳಿ.

'ನಾವೆಲ್ಲ ಅಕ್ಕತಂಗಿಯರು, ನಮ್ಮಲ್ಲಿ ಪೈಪೋಟಿ ಇಲ್ಲ' ಎಂಬ ಮಾತನ್ನು ದಯವಿಟ್ಟು ಬಿಡಿ. ಪೈಪೋಟಿ ಇದ್ದೇ ಇರುತ್ತದೆ. ಆ ಮಾತು ಕೇಳಿದವಳು ತನ್ನ ಆಸೆಯನ್ನು ಅಪರಾಧದಂತೆ ಬಚ್ಚಿಡುತ್ತಾಳೆ, ಅಷ್ಟೇ.

ಮುಗಿಸುವ ವಿಧಿಯನ್ನೂ ನೀವೇ ಕಟ್ಟಿ, ಅದು ತಾನಾಗಿ ಆಗುವುದಿಲ್ಲ. ಫಲಿತಾಂಶ ಹೇಳಿದ ಮೇಲೆ ಹತ್ತು ನಿಮಿಷ ಎಲ್ಲರೂ ಅಲ್ಲೇ ಇರಲಿ. ಸೋತವಳು ಗೆದ್ದವಳ ಕೆಲಸದಲ್ಲಿ ತಾನು ಕಂಡ ಒಂದು ಒಳ್ಳೆಯ ಅಂಶ ಹೇಳಲಿ, ಗೆದ್ದವಳು ಸೋತವಳಿಂದ ತನಗೆ ಬೇಕಾದ ಒಂದು ಸಹಾಯವನ್ನು ಹೆಸರಿಸಿ ಕೇಳಲಿ. ಮೊದಲ ಎರಡು ಸಲ ಇದು ನಾಟಕದಂತೆ ಕಾಣುತ್ತದೆ, ಕೆಲವರು ನಗುತ್ತಾರೆ. ಮೂರನೇ ಸಲದ ಹೊತ್ತಿಗೆ ಯಾರು ಏನು ಹೇಳುತ್ತಾರೆ ಎಂದು ಎಲ್ಲರೂ ಕಾಯುತ್ತಿರುತ್ತಾರೆ.